ಔಷಧಿ ಅನ್ನಬೇಡಿ, ವಿಷ ಅನ್ನಿ



ಅಂಗಡಿಯ ಮುಂದೆ ನಿಂತು ನಾವು ಕೇಳುವ ಮಾತನ್ನು ಸ್ವಲ್ಪ ನೆನಪಿಸಿಕೊಳ್ಳಿ. "ಜಿರಲೆ ಔಷಧಿ ಇದೆಯಾ?" "ಇಲಿಗೆ ಯಾವ ಔಷಧಿ ಒಳ್ಳೇದು?" ಹೊಲದಿಂದ ಬಂದವರೂ ಹಾಗೇ ಹೇಳುತ್ತಾರೆ, "ಔಷಧಿ ಹೊಡೆದು ಬಂದೆ" ಎಂದು. ನಮ್ಮ ಅಜ್ಜಿಯರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರು: ಇಲಿಪಾಷಾಣ. ಪಾಷಾಣ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯಲ್ಲಿ ಒಂದು ಎಚ್ಚರ ಮೂಡುತ್ತಿತ್ತು. ಅದನ್ನು ಇಡುವ ಜಾಗವೇ ಬೇರೆ. ಮುಟ್ಟಿದ ಕೈಯನ್ನು ತಿಕ್ಕಿ ತೊಳೆಯದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಪಾಷಾಣ ಔಷಧಿಯಾದ ಮೇಲೆ ಆ ಎಚ್ಚರ ಹೋಯಿತು. ಈಗ ಅದು ಸಿಂಕಿನ ಕೆಳಗೆ, ಪಾತ್ರೆ ತೊಳೆಯುವ ಸೋಪಿನ ಪಕ್ಕದಲ್ಲೇ ಕೂತಿರುತ್ತದೆ.

ಮನೆಯ ಹುಳುಹುಪ್ಪಟೆ, ಇಲಿ ಹೆಗ್ಗಣಗಳ ವಿಷಯದಲ್ಲಿ ನಾವು ನಂಬಿಕೊಂಡು ಬಂದ ತಪ್ಪುಗಳು ಹಲವು. ಕೆಲವದರಿಂದ ದುಡ್ಡು ಹೋಗುತ್ತದೆ, ಕೆಲವದರಿಂದ ಜೀವವೇ ಹೋಗುತ್ತದೆ. ದುಡ್ಡು ಹೋಗುವಂಥವನ್ನು ಮೊದಲು ಹೇಳುತ್ತೇನೆ.

ಜಿರಲೆಯಿಂದ ಶುರುಮಾಡೋಣ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಜಿರಲೆ ಕಾಣುತ್ತವೆ. ಎರಡಕ್ಕೂ ಒಂದೇ ಉಪಾಯ ಮಾಡುವುದೇ ನಮ್ಮ ಮೊದಲ ತಪ್ಪು. ಕೆಂಗಂದು ಬಣ್ಣದ, ಒಂದೂವರೆ ಇಂಚಿನ ದೊಡ್ಡ ಜಿರಲೆಗೆ ಅಮೆರಿಕನ್ ಜಿರಲೆ ಎಂದು ಹೆಸರು. ಅದರ ಬೀಡು ಮೋರಿ, ಚೇಂಬರು, ಒಳಚರಂಡಿ. ರಾತ್ರಿ ಬಚ್ಚಲಿನ ತೂತಿನಿಂದ ಮೇಲೆ ಬರುತ್ತದೆ. ಇದಕ್ಕೆ ಅಡುಗೆಮನೆಯ ಕಪಾಟಿನಲ್ಲಿ ಏನು ಸಿಂಪಡಿಸಿದರೂ ಪ್ರಯೋಜನವಿಲ್ಲ. ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಚೇಂಬರಿನ ಮುಚ್ಚಳದ ಸಂದು ಮುಚ್ಚಿ. ಬಳಸದೆ ಬಿಟ್ಟ ಬಚ್ಚಲಿದ್ದರೆ ಅದರ ಕೊಳವೆಯ ಬಾಗಿನಲ್ಲಿ ನಿಲ್ಲಬೇಕಾದ ನೀರು ಒಣಗಿ ಹೋಗಿರುತ್ತದೆ, ಜಿರಲೆಗೆ ಅದೇ ರಾಜಮಾರ್ಗ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿದರೆ ಆ ದಾರಿ ಮುಚ್ಚುತ್ತದೆ.

ಇನ್ನೊಂದು ಜಾತಿ ಅರ್ಧ ಇಂಚಿನದು, ಗೋಧಿ ಬಣ್ಣದ್ದು, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದು ಜರ್ಮನ್ ಜಿರಲೆ. 1767ರಲ್ಲಿ ಲಿನೇಯಸ್ ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿದೆ. ಆದರೆ 2024ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯ ಪ್ರಕಾರ ಇದರ ಮೂಲ ಭಾರತ ಅಥವಾ ಮ್ಯಾನ್ಮಾರ್ ಕಡೆಯದು. ಸುಮಾರು 2,100 ವರ್ಷಗಳ ಹಿಂದೆ ಬಯಲಿನ ಏಷ್ಯನ್ ಜಿರಲೆಯಿಂದ ಬೇರೆಯಾಗಿ ಮನುಷ್ಯನ ಮನೆ ಸೇರಿಕೊಂಡಿದ್ದು ಇದು. ಈಗ ಮನೆ ಬಿಟ್ಟರೆ ಇದಕ್ಕೆ ಬೇರೆ ನೆಲೆಯೇ ಇಲ್ಲ. ಫ್ರಿಜ್ಜಿನ ಮೋಟಾರಿನ ಬಿಸಿ, ಮಿಕ್ಸಿಯ ತಳ, ಕಪಾಟಿನ ಕೀಲು, ಗ್ಯಾಸ್ ಒಲೆಯ ಅಡಿ, ಬೆನ್ನಿಗೂ ಹೊಟ್ಟೆಗೂ ಎರಡೂ ಕಡೆ ಏನಾದರೂ ತಾಗುವಂಥ ಇಕ್ಕಟ್ಟಿನ ಸಂದು, ಇವೇ ಇದರ ಮನೆ. ಹೆಣ್ಣು ತನ್ನ ಮೊಟ್ಟೆಗಳ ಚೀಲವನ್ನು ಒಡೆಯುವ ಕಾಲ ಬರುವವರೆಗೂ ಹಿಂಬದಿಯಲ್ಲೇ ಕಚ್ಚಿಕೊಂಡು ಓಡಾಡುತ್ತದೆ. ಒಂದೊಂದು ಚೀಲದಲ್ಲಿ ಮೂವತ್ತು ನಲವತ್ತು ಮೊಟ್ಟೆ.

ಈಗ ನಾವು ಮಾಡುವುದೇನು? ರಾತ್ರಿ ದೀಪ ಹಾಕಿದಾಗ ಐದಾರು ಓಡಿದವು ಎಂದು ಡಬ್ಬಿ ತೆಗೆದು ಸಿಂಪಡಿಸುತ್ತೇವೆ. ಬೆಳಗ್ಗೆ ನಾಲ್ಕು ಬೆನ್ನಡಿಯಾಗಿ ಬಿದ್ದಿರುತ್ತವೆ, ಸಮಾಧಾನವಾಗುತ್ತದೆ. ಕಂಡದ್ದು ಸತ್ತಿತು, ನಿಜ. ಸಂದಿನಲ್ಲಿ ಉಳಿದದ್ದು ಅದಕ್ಕಿಂತ ಬಹಳ ಹೆಚ್ಚು. ಈ ಸಿಂಪಡಣೆಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷ ಜಿರಲೆಯ ಮೈಗೆ ಉರಿ ಹಚ್ಚುತ್ತದೆ, ಸಾಯದವು ಆ ಜಾಗ ಬಿಟ್ಟು ಚದುರುತ್ತವೆ. ಹಿಂದೆ ನಾವಿದ್ದ ಬಾಡಿಗೆ ಮನೆಯಲ್ಲಿ ಪ್ರತಿ ಶನಿವಾರ ಸಿಂಕಿನ ಸುತ್ತ ತಪ್ಪದೆ ಹೊಡೆಯುತ್ತಿದ್ದೆವು. ತಿಂಗಳೊಳಗೆ ಅಡುಗೆಮನೆಯಲ್ಲಿ ಮಾತ್ರ ಇದ್ದ ಜಿರಲೆ ಮಕ್ಕಳ ಪುಸ್ತಕದ ಕಪಾಟಿಗೂ ದೇವರ ಕೋಣೆಗೂ ಬಂದಿತ್ತು. ನಾವೇ ಅವನ್ನು ಮನೆಯೆಲ್ಲ ಹರಡಿದ್ದೆವು.

"ಹಾಗಾದರೆ ಇನ್ನೂ ಜೋರಾದದ್ದನ್ನು ತರೋಣ, ಎರಡು ಪಟ್ಟು ಬೆರೆಸೋಣ" ಎನ್ನುವುದು ಮುಂದಿನ ತಪ್ಪು. ಡಿಡಿಟಿಯ ಕಥೆ ಕೇಳಿ. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯೂಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೂ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನ ನಾವಿಕರ ವಸತಿಯಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡಿದ್ದವು. ಒಂದು ವಿಷವನ್ನು ಎಡೆಬಿಡದೆ ಸುರಿದರೆ ಅದನ್ನು ತಡೆದುಕೊಳ್ಳಬಲ್ಲ ಕೆಲವೇ ಕೆಲವು ಉಳಿಯುತ್ತವೆ, ಮುಂದಿನ ಪೀಳಿಗೆ ಪೂರ್ತಿ ಅವುಗಳ ಮಕ್ಕಳೇ. ಜಿರಲೆ ಇನ್ನೂ ಮುಂದೆ ಹೋಗಿದೆ. ವಿಷವನ್ನು ಸಿಹಿಯಲ್ಲಿ ಬೆರೆಸಿ ಇಡಲು ಶುರುಮಾಡಿದ ಕೆಲವು ವರ್ಷಗಳಲ್ಲೇ ಅಮೆರಿಕದಲ್ಲಿ ಗ್ಲೂಕೋಸ್ ಕಂಡರೆ ಮುಖ ತಿರುಗಿಸುವ ಜರ್ಮನ್ ಜಿರಲೆಗಳು ಹುಟ್ಟಿಕೊಂಡವು. 1993ರಲ್ಲಿ ಇದನ್ನು ಗುರುತಿಸಿದರು. ಅವುಗಳ ನಾಲಗೆಗೆ ಗ್ಲೂಕೋಸ್ ಕಹಿಯಾಗಿ ಹತ್ತುತ್ತದೆ ಎಂಬ ಕಾರಣ 2013ರಲ್ಲಿ ತಿಳಿಯಿತು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಇವತ್ತಿಗೂ ಸಣ್ಣ ಜಿರಲೆಗೆ ನಾನು ಹೇಳುವುದು ವಿಷ ಬೆರೆಸಿದ ತಿನಿಸಿನ ಜೆಲ್. ಹೆಸರುಕಾಳಿನಷ್ಟು ಚುಕ್ಕೆಗಳನ್ನು ಕೀಲು, ಸಂದು, ಮೋಟಾರಿನ ಹಿಂಬದಿಯಲ್ಲಿ ಇಡಬೇಕು. ತಿಂದ ಜಿರಲೆ ಕೂಡಲೇ ಸಾಯದೆ ತನ್ನ ಸಂದಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ಉಳಿದವು ತಿನ್ನುತ್ತವೆ, ಹಾಗೆ ವಿಷ ನಮ್ಮ ಕೈ ಹೋಗದ ಜಾಗಕ್ಕೂ ತಲುಪುತ್ತದೆ. ಇದಕ್ಕೆ ವಾರ ಎರಡು ವಾರ ಬೇಕು. ಆದರೆ ನಾವು ಜೆಲ್ ಇಟ್ಟ ಮೂರನೇ ದಿನಕ್ಕೆ ತಾಳ್ಮೆಗೆಟ್ಟು ಅದರ ಮೇಲೇ ಸ್ಪ್ರೇ ಹೊಡೆಯುತ್ತೇವೆ. ಆ ವಾಸನೆಗೆ ಜಿರಲೆ ಜೆಲ್ಲಿನ ಹತ್ತಿರ ಸುಳಿಯುವುದಿಲ್ಲ. ಎರಡೂ ವ್ಯರ್ಥ. ಜೊತೆಗೆ ಮಲಗುವ ಮುನ್ನ ಸಿಂಕನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸಿ. ಜಿರಲೆ ಅನ್ನವಿಲ್ಲದೆ ವಾರಗಟ್ಟಲೆ ಇರಬಲ್ಲದು, ನೀರಿಲ್ಲದೆ ಅಷ್ಟು ಕಾಲ ತಡೆಯಲಾರದು. ಕೊನೆಗೆ ಸತ್ತವನ್ನೂ ಹಿಕ್ಕೆಯನ್ನೂ ಗುಡಿಸಿ ತೆಗೆಯಲೇಬೇಕು. ಒಣಗಿ ಪುಡಿಯಾದ ಜಿರಲೆಯ ಮೈ ಕೂಡ ಆಸ್ತಮಾ ಇರುವ ಮಕ್ಕಳ ಉಸಿರು ಕಟ್ಟಿಸುತ್ತದೆ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಇಲಿ, ಸೊಳ್ಳೆ, ಜಿರಲೆ ಎಲ್ಲವೂ ಓಡಿಹೋಗುತ್ತವೆ ಎಂದು ಮಾರುವ ಶಬ್ದದ ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರುಜುವಾತು ಇಲ್ಲದ ಮಾತು ಹೇಳಬೇಡಿ ಎಂದು ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಅರವತ್ತಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಕೊಳ್ಳಬೇಡಿ.

ಸೊಳ್ಳೆಗೆ ಬರೋಣ. ಬೀದಿಯಲ್ಲಿ ಹೊಗೆ ಬಿಟ್ಟು ಹೋದರೆ ಡೆಂಗಿ ಹೋಯಿತು ಎಂದು ತಿಳಿಯುತ್ತೇವೆ. ಆ ಹೊಗೆ ಆ ಹೊತ್ತಿಗೆ ಹಾರುತ್ತಿದ್ದ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಲ್ಲಿರುವ ಮರಿಯನ್ನು ಮುಟ್ಟುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ನಮ್ಮ ಮನೆಯ ಶುದ್ಧ ನೀರಲ್ಲಿ: ಡ್ರಮ್ಮು, ಸಂಪು, ಹೂದಾನಿ, ಫ್ರಿಜ್ಜಿನ ಹಿಂದಿನ ತಟ್ಟೆ, ತೆಂಗಿನ ಚಿಪ್ಪು. ಕಚ್ಚುವುದೂ ಹಗಲಲ್ಲಿ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಸಿದ ಅದರ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ತಾಗಿದ ಮೇಲೆ ಒಡೆಯುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ತೊಟ್ಟಿಯ ಒಳಗೋಡೆಯನ್ನು ವಾರಕ್ಕೊಮ್ಮೆ ಉಜ್ಜಬೇಕು. ಮಲೇರಿಯಾದ ರೋಗಾಣು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಹೊಳೆದದ್ದು ಇಲ್ಲೇ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಮಗುವನ್ನು ಮಲಗಿಸುವವರಿಗೆ ಒಂದು ಮಾತು. 2003ರ ಒಂದು ಅಧ್ಯಯನದಲ್ಲಿ, ಒಂದು ಬತ್ತಿಯಿಂದ ಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಷ್ಟು ಎಂದು ಕಂಡುಬಂತು. ಸೊಳ್ಳೆಪರದೆ ಕಟ್ಟಿ, ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಇಲಿಯ ವಿಷಯದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು: "ಈ ಔಷಧಿ ತಿಂದರೆ ಬಾಯಾರಿಕೆಯಾಗಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತೆ." ಇದು ಶುದ್ಧ ಸುಳ್ಳು. ವಿಷ ತಿಂದ ಇಲಿ ಸಾಯುವುದು ಅದು ಇದ್ದಲ್ಲೇ, ಅಟ್ಟದ ಮೇಲೋ ಗೋಡೆಯ ಹಿಂದೋ. ಆಮೇಲೆ ಹತ್ತು ದಿನದ ದುರ್ವಾಸನೆ. ಇಲಿ ಹೊಸ ವಸ್ತುವನ್ನು ಅನುಮಾನಿಸುವ ಪ್ರಾಣಿ. ಸತುವಿನ ಫಾಸ್ಫೈಡ್ ಬೆರೆಸಿದ ತಿಂಡಿಯನ್ನು ಸ್ವಲ್ಪ ರುಚಿ ನೋಡಿ ಹೊಟ್ಟೆ ಕೆಟ್ಟರೆ, ಬದುಕಿ ಉಳಿದ ಇಲಿ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. ನಿಧಾನವಾಗಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್ ಬಿಲ್ಲೆಯಾದರೆ ನಾಲ್ಕಾರು ದಿನ ಬೇಕು, ಇಲಿಗೆ ಕಾರಣ ಹೊಳೆಯುವುದಿಲ್ಲ. ಆದರೆ ಹತ್ತು ಇಲಿ ಕೊಂದು ತೂತು ಮುಚ್ಚದಿದ್ದರೆ ಹನ್ನೊಂದನೆಯದು ಬಂದೇ ಬರುತ್ತದೆ. ಪೆನ್ಸಿಲ್ ತೂರುವಷ್ಟು ಸಂದು ಚಿಟ್ಟಿಲಿಗೆ ಸಾಕು. ಉಕ್ಕಿನ ನಾರು ತುರುಕಿ ಸಿಮೆಂಟು ಮೆತ್ತಿ. ಉದ್ದ ಮೂತಿಯ, ಕಟುವಾಸನೆಯ ಸೊಂಡಿಲಿ ಕಂಡರೆ ಹೊಡೆಯಬೇಡಿ, ಅದು ಇಲಿಯ ಜಾತಿಯೇ ಅಲ್ಲ, ಜಿರಲೆ ತಿನ್ನುವ ಪ್ರಾಣಿ. ಗೋಡೆಯ ಹಲ್ಲಿಯೂ ಅಷ್ಟೇ, ಅದರಲ್ಲಿ ವಿಷವಿಲ್ಲ.

ಸತ್ತ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆಯುವವರಿಗೆ ಬೆಂಗಳೂರಿನ ಹಳೆಯ ನೆನಪೊಂದನ್ನು ಹೇಳಬೇಕು. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಮನೆಯಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಬಯಲಿನ ಗುಡಿಸಲಿಗೆ ಹೋಗುತ್ತಿದ್ದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ನಂತರವೇ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ರೋಗ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದರು. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ. ಕಾರಣ ಗೊತ್ತಿಲ್ಲದೆಯೂ ನಮ್ಮ ಹಿರಿಯರು ದೂರ ಹೋದದ್ದು ಸರಿಯಾಗಿತ್ತು. ಪ್ಲೇಗಿನ ಕಾಲ ಹೋಗಿದೆ, ಇಲಿಜ್ವರ ಹೋಗಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಎತ್ತಿ.

ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಇಲಿ ಪೇಸ್ಟಿನ ಮಾತು ಬೇರೆಯೇ. ಅದನ್ನು ಬ್ರೆಡ್ಡಿಗೋ ತೆಂಗಿನಕಾಯಿಗೋ ಸವರಿ ಮೂಲೆಯಲ್ಲಿಡುತ್ತಾರೆ, ಮಗು ತಿನ್ನುತ್ತದೆ. ಮೊದಲ ದಿನ ಸ್ವಲ್ಪ ವಾಂತಿ, ಆಮೇಲೆ ಒಂದೆರಡು ದಿನ ಚೆನ್ನಾಗಿಯೇ ಇರುತ್ತದೆ. "ಏನೂ ಆಗಲಿಲ್ಲ, ದೇವರು ಕಾಪಾಡಿದ" ಎಂದು ಮನೆಗೆ ಕರೆತರುತ್ತಾರೆ. ಯಕೃತ್ತು ಕೆಡುವುದು ಅದರ ನಂತರ. ಈ ವಿಷಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಗೆ ಈ ಪೇಸ್ಟು ಬರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕಾಳು ಕಡಿ. ಅಕ್ಕಿಯ ಮೂತಿಹುಳ ಹೊರಗಿನಿಂದ ಡಬ್ಬಕ್ಕೆ ನುಗ್ಗಿತು ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಅಕ್ಕಿಯ ಜೊತೆಗೇ ಬಂದಿರುತ್ತದೆ. ಹೆಣ್ಣು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತು ಮುಚ್ಚಿರುತ್ತದೆ. ಹೆಸರು, ಅಲಸಂದೆಯ ಹುಳ ಹೊಲದಲ್ಲಿರುವಾಗಲೇ ಅಂಟಿಕೊಂಡಿರುತ್ತದೆ. ಇದು ಗೊತ್ತಿದ್ದದ್ದಕ್ಕೇ ನಮ್ಮವರು ಕಾಳನ್ನು ಬಿರುಬಿಸಿಲಿಗೆ ಹರವುತ್ತಿದ್ದರು, ಬೇಳೆಗೆ ಹರಳೆಣ್ಣೆ ಸವರುತ್ತಿದ್ದರು, ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು, ಬಜೆಯ ಪುಡಿ ಬೆರೆಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ನೆಲದಡಿ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಗಾಳಿಯಲ್ಲಿದ್ದ ಆಮ್ಲಜನಕ ತೀರಿಹೋಗುತ್ತಿತ್ತು, ಹುಳ ಅಲ್ಲೇ ಉಸಿರುಗಟ್ಟಿ ಸಾಯುತ್ತಿತ್ತು. ಆ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಆ ಶಿಸ್ತು ತಪ್ಪಿದ ಕಡೆ ಜನ ಸತ್ತಿದ್ದಾರೆ.

ಈಗ ನಮ್ಮ ಕೈಗೆ ಬಂದಿರುವುದು ಹಗೇವಿನ ಗಾಳಿಗಿಂತ ಎಷ್ಟೋ ಪಾಲು ಕ್ರೂರವಾದದ್ದು. ಆದರೆ ದೀಪ ಇಳಿಸಿ ನೋಡುವ ಆ ಎಚ್ಚರ ಮಾತ್ರ ನಮ್ಮಲ್ಲಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಮಾತು ಹೇಳುತ್ತಿದ್ದೇನೆ. ಜನ ಇದನ್ನು ಕಾಳಿನ ಮಾತ್ರೆ, ಗೋಧಿ ಗುಳಿಗೆ ಎನ್ನುತ್ತಾರೆ. ಗೋದಾಮಿನಲ್ಲಿ ಮೂಟೆಗಳ ಮೇಲೆ ಗಾಳಿಯಾಡದ ಹೊದಿಕೆ ಎಳೆದು, ಅಂಚು ಬಿಗಿದು, ಜನ ಸುಳಿಯದಂತೆ ದಿನಗಟ್ಟಲೆ ಬಿಡುವ ಕೆಲಸಕ್ಕೆ ಮಾಡಿದ ವಸ್ತು ಇದು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಮೂರು ಗ್ರಾಂ ತೂಕದ ಒಂದು ಮಾತ್ರೆಯಿಂದ ಒಂದು ಗ್ರಾಂ ಅನಿಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಮುಚ್ಚಿದ್ದರೆ ಒಂದೇ ಮಾತ್ರೆಯಿಂದ ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 25 ಭಾಗ ಫಾಸ್ಫೀನ್ ಸೇರುತ್ತದೆ. ಆರೋಗ್ಯವಂತ ಕೆಲಸಗಾರರಿಗೇ ಅಮೆರಿಕದ ಕಾನೂನು ಇಟ್ಟಿರುವ ಮಿತಿ 0.3 ಭಾಗ. ಲೆಕ್ಕ ನೀವೇ ಹಾಕಿ. ಆ ಕೋಣೆಯಲ್ಲಿ ಮಲಗಿರುವುದು ಮಗುವಾದರೆ?

ಇದರ ಸುತ್ತ ಇರುವ ತಪ್ಪು ತಿಳಿವಳಿಕೆಗಳು ನನಗೆ ನಿಜವಾಗಿ ಭಯ ಹುಟ್ಟಿಸುತ್ತವೆ. "ನಾವು ತಿನ್ನುವುದಿಲ್ಲವಲ್ಲ, ಮೂಲೆಯಲ್ಲಿ ಇಟ್ಟಿದ್ದೇವೆ." ತಿನ್ನಬೇಕಿಲ್ಲ, ಉಸಿರಾಡಿದರೆ ಸಾಕು. "ಪಕ್ಕದ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿದ್ದೇವೆ." ಬಾಗಿಲಿನ ಸಂದು, ಕೊಳವೆಯ ಸಂದು, ಗೋಡೆಯ ಬಿರುಕು ಎಲ್ಲದರಲ್ಲೂ ಅದು ನುಸುಳುತ್ತದೆ, ಪಕ್ಕದ ಮನೆಗೂ ಮೇಲಿನ ಮನೆಗೂ ಹೋಗುತ್ತದೆ. "ವಾಸನೆ ಬಂದರೆ ಎದ್ದು ಹೋಗುತ್ತೇವೆ." ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಇರಬಹುದು, ಇಲ್ಲದೆಯೂ ಇರಬಹುದು. ಮೂಗನ್ನು ನಂಬುವಂತಿಲ್ಲ. ಅತಿ ಕೆಟ್ಟದ್ದು ಇನ್ನೊಂದಿದೆ. ತಲೆಸುತ್ತು, ಹೊಟ್ಟೆನೋವು, ವಾಂತಿ ಮನೆಯವರೆಲ್ಲರಿಗೂ ಒಟ್ಟಿಗೆ ಶುರುವಾದಾಗ "ರಾತ್ರಿ ಊಟ ಹಿಡಿಸಲಿಲ್ಲ" ಎಂದು ತಿಳಿದು ಅದೇ ಕೋಣೆಯಲ್ಲಿ ಮತ್ತೆ ಮಲಗುತ್ತಾರೆ. ಹುಳುವಿಗೆಂದು ಇಟ್ಟ ವಿಷದ ಗಾಳಿಗೆ ಮಕ್ಕಳು ಬಲಿಯಾದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ನಾವೇ ಓದಿದ್ದೇವೆ. ಇಲಿ ಇದೆಯೆಂದು ಮನೆಗೆ ಬೆಂಕಿ ಇಟ್ಟರಂತೆ ಎಂಬ ಗಾದೆಯನ್ನು ನಾವು ಉತ್ಪ್ರೇಕ್ಷೆ ಎಂದುಕೊಂಡಿದ್ದೆವು. ತಿಗಣೆಗೆಂದು ಮಂಚದ ಕೆಳಗೆ ಈ ಮಾತ್ರೆ ಇಡುವುದು ಅದಕ್ಕಿಂತ ಕಡಿಮೆಯದಲ್ಲ. ತಿಗಣೆ ಸಾಯಲು ಬಿಸಿ ಸಾಕು. ಹೊದಿಕೆಯನ್ನು ಕುದಿನೀರಿನಲ್ಲಿ ಅದ್ದಿ, ಮಂಚದ ಸಂದುಗಳಿಗೆ ಹಬೆ ಹಿಡಿಸಿ, ಕಂತು ಕಂತಾಗಿ ಮತ್ತೆ ಮತ್ತೆ ಮಾಡಿ.

1968ರ ಕೀಟನಾಶಕ ಕಾಯ್ದೆ ನಮ್ಮಲ್ಲಿದೆ. ಈ ಮಾತ್ರೆಯನ್ನು ಸರ್ಕಾರಿ ಸಂಸ್ಥೆಗಳಿಗೆ ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಬಿಟ್ಟು ಬೇರೆಯವರಿಗೆ ಮಾರುವಂತಿಲ್ಲ. ಆದರೂ ಸಂತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಮಾರುವವರನ್ನು ತಡೆಯಬೇಕಾದ್ದು ಅಧಿಕಾರಿಗಳ ಕರ್ತವ್ಯ, ಅದನ್ನು ಅವರು ಇನ್ನೂ ಬಿಗಿಯಾಗಿ ಮಾಡಬೇಕು. ಕೊಳ್ಳದಿರುವುದು ನಮ್ಮ ಕೈಯಲ್ಲೇ ಇದೆ. ಮನೆಗೆ ಕೆಲಸಗಾರರನ್ನು ಕರೆಸಿದರೂ ಮೂರು ಪ್ರಶ್ನೆ ಕೇಳಿ: ಪರವಾನಗಿ ಇದೆಯೇ, ವಿಷದ ಹೆಸರೇನು, ಎಷ್ಟು ಹೊತ್ತು ಹೊರಗಿರಬೇಕು. "ಹರ್ಬಲ್ ಸಾರ್, ವಾಸನೆ ಇಲ್ಲ, ಮಕ್ಕಳಿಗೆ ಏನೂ ಆಗಲ್ಲ" ಎಂದಷ್ಟೇ ಹೇಳುವವರನ್ನು ಬಾಗಿಲಿನಿಂದಲೇ ಕಳಿಸಿ. ವಾಸನೆ ಇಲ್ಲದ್ದು ನಿರುಪದ್ರವಿ ಎಂದಲ್ಲ, ಗಿಡದಿಂದ ಬಂದದ್ದೂ ನಿರುಪದ್ರವಿ ಎಂದಲ್ಲ. ಹರಳುಬೀಜದ ವಿಷವೂ ಗಿಡದ್ದೇ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ, ಕಡಿಮೆ ವಿಷ. ತ್ರಿಕೋನವೇ ಇಲ್ಲದ ಪೊಟ್ಟಣವನ್ನು ಮುಟ್ಟಲೇಬೇಡಿ. ಅಂದಹಾಗೆ, ಹಳೆಯ ಪೆಟ್ಟಿಗೆಯಿಂದ ಮಗುವಿನ ನಾಮಕರಣಕ್ಕೆಂದು ತೆಗೆದ ಬಟ್ಟೆಯಲ್ಲಿ ನುಸಿಗುಳಿಗೆಯ ವಾಸನೆ ಇದ್ದರೆ ಒಗೆದು ಗಾಳಿಗೆ ಹಾಕದೆ ತೊಡಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸಿನ ಕೆಂಪು ರಕ್ತಕಣಗಳು ಆ ಗುಳಿಗೆಯ ನಾಫ್ತಲಿನ್‌ನಿಂದ ಒಡೆದುಹೋಗುತ್ತವೆ.

ಯಾರಾದರೂ ಇಂಥ ವಿಷ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹುಣಸೆನೀರು ಹಾಲು ಯಾವುದನ್ನೂ ಹಾಕಬೇಡಿ. ಗಾಳಿಯಿಂದ ಆಗಿದ್ದರೆ ಎಲ್ಲರನ್ನೂ ಮೊದಲು ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಖಾಲಿ ಡಬ್ಬಿ, ಪೊಟ್ಟಣ, ಟ್ಯೂಬು ಏನಿದೆಯೋ ಅದನ್ನು ತಪ್ಪದೆ ಒಯ್ಯಿರಿ. ಬ್ರೊಮಾಡಿಯೊಲೋನ್ ತಿಂದ ಮಗುವನ್ನು ವಿಟಮಿನ್ ಕೆ ಕೊಟ್ಟು ಉಳಿಸಬಹುದು, ಆದರೆ ತಿಂದದ್ದು ಅದೇ ಎಂದು ವೈದ್ಯರಿಗೆ ತಿಳಿಯಬೇಕು.

ಈ ಮಾತು ಕೇಳುತ್ತಿರುವವರ ಮನೆಯಲ್ಲಿ ಕಾಳಿನ ಡ್ರಮ್ಮಿನೊಳಗೆ ಅಥವಾ ಅಟ್ಟದ ಮೇಲೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಡಬ್ಬಿ ಇದ್ದರೆ ಇವತ್ತೇ ಹೊರಗೆ ತನ್ನಿ. ತೆರೆಯಬೇಡಿ, ನೀರು ತಾಗಿಸಬೇಡಿ, ಕಸದ ಬುಟ್ಟಿಗೂ ಬಚ್ಚಲಿಗೂ ಎಸೆಯಬೇಡಿ. ಮನೆಯಿಂದ ದೂರ, ಮಳೆ ಬೀಳದ, ಗಾಳಿಯಾಡುವ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಬೀಗ ಹಾಕಿಡಿ. ನಾಳೆ ಬೆಳಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಪರವಾನಗಿ ಇರುವ ಕೀಟ ನಿಯಂತ್ರಕರಿಗೋ ಹೇಳಿ, ಅವರ ಮೂಲಕವೇ ಅದನ್ನು ಸಾಗಹಾಕಿ. ಇವತ್ತು ರಾತ್ರಿ ಅದಿದ್ದ ಕೋಣೆಯಲ್ಲಿ ಯಾರೂ ಮಲಗಬೇಡಿ.